ಕಾರ್ಪೆಟ್ ಕೆಳಗಿನ ಕಲ್ಲು

"ನಾಸೀರ, ಇನ್ನಷ್ಟು ಒತ್ತಲೇ."

"ಇದು ನೀರಿನ ಟ್ಯಾಂಕರ್ ಐತೋ, ವಿಮಾನಲ್ಲ."

ಹಿಂದೆ ಬಿಳಿ ಜೀಪು. ಅದರಲ್ಲಿ ಕಂತ್ರಾಟದಾರ ಶಂಕರಲಿಂಗನ ಇಬ್ಬರು ಆಳುಗಳು. ಒಬ್ಬನ ಕೈಯಲ್ಲಿ ಜಾಕ್ ರಾಡು. ಪಂಕ್ಚರ್ ತೆಗೆಯಲು ಬಂದಂತಿರಲಿಲ್ಲ...

ಫಳ್! ಪಕ್ಕಕ್ಕೆ ನುಗ್ಗಿದ ಜೀಪಿನಿಂದ ಬೀಸಿದ ರಾಡಿಗೆ ನಮ್ಮ ಕನ್ನಡಿ ಹೋಯಿತು. ಜೀಪು ಮತ್ತೆ ಹಿಂದಾಯಿತು.

"ಹಿಂದಿನ ವಾಲ್ವ್ ಬಿಡ್ಲೇನು? ಜೀಪ್ ಜಾರಿ ಬೀಳತೈತಿ," ಅಂದ ನಾಸೀರ.

ನಮ್ಮಿಬ್ಬರ ನಡುವೆ ಕೂತಿದ್ದ ಇಂಜಿನಿಯರ್ ಸುನಂದಾ ಬೇಡವೆಂದು ತಲೆಯಾಡಿಸಿದಳು. "ಒಂದ ಹನಿ ಬಿಡಬ್ಯಾಡಪಾ. ಆ ನೀರ ನಮ್ಮ ಸಾಕ್ಷಿ."

ನಿನ್ನೆಯವರೆಗೆ ಆ ಜೀಪಿನಲ್ಲಿ ಕೂರುತ್ತಿದ್ದವನು ನಾನೇ.

ಹೆಸರು ಸಂತೋಷಕುಮಾರ. ನಾನು ಹೋದಲ್ಲಿ ಯಾರಿಗೂ ಸಂತೋಷವಾಗುವುದಿಲ್ಲ. ಕಂತ್ರಾಟದಾರರ ಲಫಡಾ ಬಿಡಿಸುವುದು ನನ್ನ ದಂಧೆ. ಪುಸಲಾಯಿಸುತ್ತೇನೆ, ಬೆದರಿಸುತ್ತೇನೆ, ಬೇಕಾದರೆ ಯಾರ ದನಿಯಲ್ಲಾದರೂ ಫೋನ್ ಮಾಡುತ್ತೇನೆ.

ಈ ಸಲದ ಲಫಡಾ, ಚೊಳಚಗುಡ್ಡದ ಹಳ್ಳಕ್ಕೆ ಕಟ್ಟಿದ ಕಾಲುಸೇತುವೆ. ಕಂಬದಿಂದ ಕಂಬಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ಚಪ್ಪಡಿ. ಆಚೆ ಶಾಲೆ. ಇಂದು ಉದ್ಘಾಟನೆ, ಮೊದಲು ದಾಟುವವರು ಮಕ್ಕಳು.

ಸುನಂದಾ ಮಾತ್ರ ಒಪ್ಪಿಗೆ ಕೊಟ್ಟಿರಲಿಲ್ಲ. ಅವಳ ಬಾಯಿ ಮುಚ್ಚಿಸಲು ಶಂಕರಲಿಂಗ ನಿನ್ನೆ ನನ್ನನ್ನು ಕಳಿಸಿದ್ದ.

"ಮೇಡಂ, ನೀವು ಸುಮ್ನಿದ್ರ ಎಲ್ಲಾರೂ ಆರಾಮ."

"ನಾ ಸುಮ್ನಿರತೇನ್ರಿ. ಕಲ್ಲನ್ನ ಕೇಳ್ರಿ." ಅವಳ ಕಚೇರಿ ಅಂಗಳದ ಮೂಲೆಯಲ್ಲಿ, ಸೇತುವೆಗೆ ಹಾಕಿ ಮಿಕ್ಕಿದ್ದ ಚಪ್ಪಡಿಯ ಮೇಲೆ ಬಾಟಲಿ ಬಗ್ಗಿಸಿದಳು. "ನಾ ಇಳಕಲ್ಲಾಕಿ. ನಮ್ಮ ಕಡೆ ನೀರ ಹಾಕಿ ನೋಡದ ಯಾರೂ ಕಲ್ಲ ತಗೊಳ್ಳಂಗಿಲ್ಲ."

ಬಿಸಿಲಿಗೆ ಕಲ್ಲು ಒಣಗಿತು. ಒಂದು ಗೆರೆ ಒಣಗಲಿಲ್ಲ. ಅಡ್ಡಲಾಗಿ, ಕಪ್ಪಗೆ, ಈ ಅಂಚಿನಿಂದ ಆ ಅಂಚಿಗೆ...

ಬಿರುಕು. ಕಲ್ಲಿನ ಪುಡಿ, ಗೋಂದು ತುಂಬಿ ಮೇಲೆ ಪಾಲಿಶ್ ಹೊಡೆದಿದ್ದರು. ಆ ಬಿರುಕು ನೀರು ಕುಡಿದು ಕೂತಿತ್ತು.

"ಸೇತುವಿ ಮ್ಯಾಲ ಇಂಥವು ಎಷ್ಟ ಅದಾವ?"

"ಅದನ್ನ ನೋಡೂಣು, ಊರವ್ರ ಮುಂದ ನೀರ ಹಾಕೂಣು ಅಂದೆ. ಸೈಟಿಗೆ ಕಾಲಿಡಬ್ಯಾಡ ಅಂದ್ರು ನಿಮ್ಮ ಸಾವ್ಕಾರ್ರು."

ಮುಚ್ಚಿಸಲು ಹೋದವನು ನಾನು... ಬಿಚ್ಚಿಸಲು ಹೊರಟೆ. ಇಂದು ಬೆಳಿಗ್ಗೆ ನಾಸೀರನ ಟ್ಯಾಂಕರಿಗೆ ನೀರು ತುಂಬಿಸಿದೆ.

ಟ್ಯಾಂಕರು ಕೊನೆಯ ತಿರುವು ದಾಟಿತು. ಸೇತುವೆ ಕಂಡಿತು.

ಚಪ್ಪಡಿಗಳ ಮೇಲೆ ಉದ್ದಕ್ಕೂ ಕೆಂಪು ಕಾರ್ಪೆಟ್! ಶಂಕರಲಿಂಗ ದಡ್ಡನಲ್ಲ.

ಫೋನ್ ತೆಗೆದೆ. ಗಂಟಲು ಕೆರೆದುಕೊಂಡು ಶಂಕರಲಿಂಗನ ಗೊಗ್ಗರು ದನಿ ಹಿಡಿದೆ. ಫೋನಿನ ಆ ತುದಿಯಲ್ಲಿ ಸೈಟ್ ಮೇಸ್ತ್ರಿ ಕಲ್ಲಪ್ಪ; ಅವನ ಯಜಮಾನ ದೂರದ ಪೆಂಡಾಲಿನೊಳಗಿದ್ದ.

"ಕಲ್ಲಪ್ಪಾ, ಬ್ಯಾರೆ ನಂಬರಿಂದ ಮಾಡೇನಿ. ಕಾರ್ಪೆಟ್ ಎತ್ತಲೇ. ನನ್ನ ಪಾಲಿಶ್ ಮಂದಿಗೆ ಕಾಣಬೇಕು."

"ಈಗ ಹಾಸಂದ್ರಿ, ಈಗ ಎತ್ತಂತೀರಿ..."

"ಹೇಳಿದ್ದ ಮಾಡ."

ಯಜಮಾನನ ಜಂಭ ಕಲ್ಲಪ್ಪನಿಗೆ ಹೊಸದಲ್ಲ. ಕಾರ್ಪೆಟ್ ಸುತ್ತಿಕೊಂಡು ಬಂತು.

ನಾಸೀರ ಟ್ಯಾಂಕರನ್ನು ಹಿಂದಕ್ಕೆ ತಂದು ದಂಡೆಗೆ ನಿಲ್ಲಿಸಿ ವಾಲ್ವ್ ತಿರುಗಿಸಿದ. ನೀರು ಸೇತುವೆಯುದ್ದಕ್ಕೂ ಓಡಿತು. ಅಷ್ಟರಲ್ಲಿ ಜೀಪಿನವನ ಕೈ ನನ್ನ ಕಾಲರಿಗೆ ಬಿತ್ತು. ಪೆಂಡಾಲಿನಿಂದ ಶಂಕರಲಿಂಗ ಮೈಕ್ ಹಿಡಿದುಕೊಂಡೇ ಇಳಿದು ಬಂದ.

"ಬಾರಲೇ ಸಂತೋಷ, ಒಳಗ ಕುಂತ ಮಾತಾಡೂಣು."

"ಒಳಗಿಂದು ಭಾಳ ಆತು ಸಾವ್ಕಾರ್ರ. ಇಲ್ಲೇ ಹೇಳ್ರಿ. ಮೈಕ್ ಚಾಲೂ ಐತಿ."

ಅವನು ಬೆಚ್ಚಿ ಮೈಕ್ ನೋಡಿದ. ನಾನು ಕಿತ್ತು ಸುನಂದಾಳಿಗೆ ಕೊಟ್ಟೆ.

"ಕಲ್ಲ ಒಣಗೂತನಕ ಯಾರೂ ದಾಟಬ್ಯಾಡ್ರಿ," ಅಂದಳು. "ನಾ ಏನೂ ಹೇಳಂಗಿಲ್ಲ. ನೀವ ನೋಡ್ರಿ."

ಊರು ನೋಡಿತು. ಕಾಲರಿನ ಮೇಲಿನ ಕೈ ಸಡಿಲಾಯಿತು.

ಬಿಸಿಲು ತನ್ನ ಕೆಲಸ ಮಾಡಿತು. ಮೊದಲ ಚಪ್ಪಡಿಯಲ್ಲಿ ಒಂದು ಕರಿ ಗೆರೆ ಉಳಿಯಿತು. ನಡುವಿನದರಲ್ಲಿ ಇನ್ನೊಂದು. ಅದರಾಚೆ ಮತ್ತೊಂದು... ಕೆಳಗೆ ಹಳ್ಳದ ಬಂಡೆಗಳು.

ಶಾಲೆಮಕ್ಕಳ ಸಾಲಿನ ಮುಂದೆ ಜಡೆಗೆ ರಿಬ್ಬನ್ ಕಟ್ಟಿಕೊಂಡು ನಿಂತಿದ್ದ ಐಶ್ವರ್ಯಳನ್ನು ಅಜ್ಜಿ ಬಸಲಿಂಗವ್ವ ಹಿಂದಕ್ಕೆ ಎಳೆದುಕೊಂಡಳು.

"ಅವು ಕಲ್ಲಿನ ನರ," ಅಂದ ಶಂಕರಲಿಂಗ. "ಆನಿ ನಡದ್ರೂ ಏನಾಗಂಗಿಲ್ಲ."

"ಆನಿ ಎಲ್ಲಿ ತರೂಣಪಾ," ಅಂದಳು ಬಸಲಿಂಗವ್ವ. "ನೀನ ದಾಟ."

ಯಾರೂ ನಗಲಿಲ್ಲ. ಎಲ್ಲರೂ ಅವನ ಬೂಟು ನೋಡುತ್ತಿದ್ದರು.

ಶಂಕರಲಿಂಗ ಕಾಲು ಎತ್ತಿದ. ಗೆರೆ ನೋಡಿದ. ಕೆಳಗಿನ ಬಂಡೆ ನೋಡಿದ.

ಕಾಲು ಹಿಂದಕ್ಕೆ ಇಳಿಯಿತು.

ಇಡೀ ಪ್ರಾಜೆಕ್ಟಿನಲ್ಲಿ ಅವನು ಕೊಟ್ಟ ಖರೇ ರಿಪೋರ್ಟು ಅದೊಂದೇ.