ಹಳೇ ಬಳ್ಳಿಯ ಮೊದಲ ಗುಟುಕು

"ಬೇಡಮ್ಮ, ಬೇಡ. ಆ ಹಳೇ ಬಳ್ಳಿ ವೈನನ್ನ ನಮ್ಮನೆ ಗಂಡಸರ ಕೈಯಿಂದ ಇಸ್ಕೊಂಡು ಕುಡೀಬೇಡ. ಅದಕ್ಕೆ ಮಾಟ ಮಾಡವ್ರೆ."

ಗಂಡನ ಸೋದರತ್ತೆ ವೆಂಕಟರತ್ನಮ್ಮ ಮುಂಗೈ ಹಿಡಿದು ಪಿಸುಗುಟ್ಟಿದಾಗ ಕಲ್ಯಾಣಿ ನಕ್ಕುಬಿಟ್ಟಳು.

"ಪೀಪಾಯಿ ಸರಿಯಾಗಿ ತೊಳೀದಿದ್ರೂ ವೈನು ಕೆಡುತ್ತೆ ಅತ್ತೆ. ಅದಕ್ಕೂ ಮಾಟಾನಾ?"

"ಆ ದ್ರಾಕ್ಷಿ ಬಳ್ಳಿ ನೆಟ್ಟೋನನ್ನ ನಮ್ಮಪ್ಪ ತೋಟದಿಂದ ಓಡಿಸಿಬಿಟ್ಟ. ಅವನು ಬುಡದಲ್ಲಿ ಏನೋ ಹೂತಿಟ್ಟು ಹೋದ ಕಣಮ್ಮ. ಆವತ್ತಿಂದ ಈ ಮನೆ ಗಂಡಸರಿಗೆ..."

ಜಗಲಿಯಲ್ಲಿ ಕಲ್ಯಾಣಿಯ ಗಂಡ ಮೋಹನ್‌ಬಾಬುವಿನ ಚಪ್ಪಲಿ ಸದ್ದಾಯಿತು. ಮುದುಕಿ ಕೈ ಬಿಟ್ಟು ಒಳಗೆ ಸರಿದಳು.

ಅಂಬಾಜಿದುರ್ಗದ ತಪ್ಪಲಿನ ಆ ಪುಟ್ಟ ವೈನರಿಗೆ ಕಲ್ಯಾಣಿ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವೈನ್ ತಯಾರಿಕೆಯನ್ನೇ ಓದಿದವಳು. ಮೂಸಿ ನೋಡಿದರೆ ಸಾಕು, ಹಣ್ಣು ತೋಟದ ಯಾವ ಮೂಲೆಯದೆಂದು ಹೇಳುತ್ತಿದ್ದಳು. ಆ ಮೂಗೇ ಅವಳ ಅನ್ನ, ಅದೇ ಅವಳ ಹೆಮ್ಮೆ.

ಮಧ್ಯಾಹ್ನ ಮೋಹನ್‌ಬಾಬು ಅವಳನ್ನು ನೆಲಮಾಳಿಗೆಗೆ ಕರೆದೊಯ್ದ. ಒದ್ದೆ ಕಲ್ಲು, ಹುಳಿ ಹಿಡಿದ ಮರ, ಗೋಡೆಯ ಬೂಷ್ಟು. ಹೊರಗಿನ ಬಿಸಿಲು ಮೆಟ್ಟಿಲಲ್ಲೇ ನಿಂತುಬಿಟ್ಟಿತ್ತು. ಮೂಲೆಯಲ್ಲಿದ್ದ ಹಳೇ ಬಳ್ಳಿಯ ಪೀಪಾಯಿಯಿಂದ ಅವನು ಲೋಟಕ್ಕೆ ಬಗ್ಗಿಸಿದ. ಕಪ್ಪೆನ್ನುವಷ್ಟು ಕೆಂಪು.

"ನೀನಾಗೇ ಇಷ್ಟಪಟ್ಟು ತಗೋತೀಯಾ?" ಅವನು ಲೋಟವನ್ನು ಅವಳತ್ತ ಚಾಚಿದ.

"ಅದೇನು ಕೇಳ್ತೀರಿ? ಕೊಡಿ."

ಮೊದಲು ಹಿಪ್ಪುನೇರಳೆ ಹಣ್ಣಿನ ಘಮ. ಆಮೇಲೆ ಮಳೆ ಬಿದ್ದ ಮಣ್ಣು. ಅವಳು ಗುಟುಕರಿಸಿದಳು.

ಕರೆಂಟು ಹೋಯಿತು.

ಸುಟ್ಟ ಕೂದಲಿನ ನಾತ. ಕೊಳೆತ ಮಾಂಸದ ನಾತ. ಅದು ಲೋಟದಿಂದಲ್ಲ, ಅವಳ ಗಂಟಲೊಳಗಿನಿಂದ ಬರುತ್ತಿತ್ತು. ಮೂಗಿನ ಹೊಳ್ಳೆಯಲ್ಲಿ ಏನೋ ಹರಿದಾಡಿತು. ಬಳ್ಳಿಯ ಕುಡಿಯಂತೆ ತಣ್ಣಗೆ, ಸುರುಳಿಸುರುಳಿಯಾಗಿ. ಮೇಲೇರಿತು. ಹಣೆಯ ಹಿಂದೆ ಬೇರೂರಿತು. ಕಿರುಚಲು ಹೋದಳು. ದನಿಯಿಲ್ಲ. ಉಸಿರಿಲ್ಲ. ಯಾರೋ ಕಿವಿಯ ಹತ್ತಿರವೇ ಹಣ್ಣು ಜಗಿಯುತ್ತಿದ್ದರು. ಚಪ್. ಚಪ್. ಚಪ್.

ದೀಪ ಹತ್ತಿತು. ಅವಳು ನೆಲದ ಮೇಲೆ ಬಿದ್ದಿದ್ದಳು. ನಾತವಿರಲಿಲ್ಲ. ಕಲ್ಲಿನ ವಾಸನೆಯಿಲ್ಲ, ಮರದ್ದಿಲ್ಲ, ಚೆಲ್ಲಿದ ವೈನಿನದೂ ಇಲ್ಲ. ನಾಲಿಗೆಯ ಮೇಲೆ ಬರೀ ಒದ್ದೆ.

ಮೋಹನ್‌ಬಾಬು ಅವಳ ಜಡೆಗೆ ಮೂಗೊತ್ತಿ ಬಿಕ್ಕುತ್ತಿದ್ದ. "ಮಲ್ಲಿಗೆ! ಕಲ್ಯಾಣಿ, ಮಲ್ಲಿಗೆ ಘಮ ಬರ್ತಿದೆ ಕಣೇ!"

ಅವಳಿಗೆ ಎಲ್ಲವೂ ಅರ್ಥವಾಯಿತು. ಪ್ರತಿ ಪೀಪಾಯಿಯ ಮುಂದೆಯೂ ಅವನು 'ಮೊದಲು ನೀನು ಹೇಳು' ಎನ್ನುತ್ತಿದ್ದ. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

"ಯಾವಾಗಿಂದ?"

"ಮೀಸೆ ಮೂಡಿದಾಗಿಂದ. ವಾಸನೆ, ರುಚಿ ಏನೂ ಇರ್ಲಿಲ್ಲ. ಹೊರಗಿಂದ ಬಂದೋರು ಈ ವೈನನ್ನ ನಮ್ಮ ಕೈಯಿಂದ ಮನಸಾರೆ ಇಸ್ಕೊಂಡ್ರೆ ಮಾತ್ರ ಮಾಟ ನಮ್ಮನ್ನ ಬಿಟ್ಟು ಅವರಿಗೆ ಹತ್ತುತ್ತೆ ಅಂತ ಮನೆ ಹಿರೀಕರು ಅಂದಿದ್ರು."

"ಅದಕ್ಕೇ ನನ್ನ ಮದುವೆಯಾದ್ರಾ?"

ಅವನು ಅವಳ ಜಡೆಯನ್ನು ಮತ್ತೆ ಮೂಗಿಗೆ ಒತ್ತಿಕೊಂಡ.

ಕಲ್ಯಾಣಿ ಗೋಡೆ ಹಿಡಿದು ಎದ್ದಳು. ಪೀಪಾಯಿಯ ಬಿರಡೆಯನ್ನು ಕಿತ್ತೆಸೆದಳು. ಹಳೇ ಬಳ್ಳಿಯ ವೈನೆಲ್ಲ ಭೋರೆಂದು ನೆಲಕ್ಕೆ ಸುರಿಯಿತು. ಅವಳ ಮೂಗಿಗದು ಬರೀ ನೀರು. ತಡೆಯಲು ಬರುತ್ತಾನೆಂದು ತಿರುಗಿ ನೋಡಿದಳು.

ಅವನು ಬರಲಿಲ್ಲ. ಕೆಂಪು ಮಡುವಿನಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದ.