ಎರಡು ಸವೆದ ಪ್ಲೇಟುಗಳು

ಗೇರ್‌ಬಾಕ್ಸ್ ಕೆಳಗಿಳಿಯಿತು. ಮೆಕ್ಯಾನಿಕ್ ಇರುದಯರಾಜಣ್ಣ ಕ್ಲಚ್ ಪ್ಲೇಟನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಮೂರು ದಿನದ ಹಿಂದೆ ಹೊಸದು ಹಾಕಿದ ಜಾಗದಲ್ಲಿ ಸವೆದು ಕರಕಲಾದ ಪ್ಲೇಟು! ಆಗ ತೆಗೆದಿದ್ದ ಹಳೆಯದು ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಹಾಗಾದರೆ ಇದು ಯಾವುದು? ಹೊಸದು ಎಲ್ಲಿ ಹೋಯಿತು?

ಕಾರು ಮಲರ್‌ವಿಳಿಯದು. ಟರ್ಬೊ ಕೂರಿಸಿ ಎಂಜಿನ್ ಬಲ ಹೆಚ್ಚಿಸಿದ್ದು; ಭಾನುವಾರ ಅವಳು ಅದನ್ನು ಓಡಿಸಬೇಕಿದ್ದ ರ‍್ಯಾಲಿ ರೇಸು. ಬೆಳಿಗ್ಗೆ ಅಭ್ಯಾಸದಲ್ಲಿ ಎಂಜಿನ್ ಅರಚಿತೇ ಹೊರತು ಕಾರು ಏರು ಹತ್ತಲಿಲ್ಲ. ಈಗ ಅವಳು ಗ್ಯಾರೇಜಿನ ಅಂಗಳದಲ್ಲಿದ್ದ ರೇಸಿನವರೆಲ್ಲರ ಎದುರೇ ಅಂದುಬಿಟ್ಟಳು:

"ಯಾರದ್ದೋ ಹಳೇದು ಹಾಕಿ ನನ್ನ ಹೊಸದನ್ನ ಮಾರ್ಕೊಂಡಿದ್ದೀರಿ ಅಣ್ಣ. ಇದು ಕಳ್ಳತನ."

ಕೊಯಮತ್ತೂರಿನಲ್ಲಿ ಮೂವತ್ತು ವರ್ಷ ಗಳಿಸಿದ ಹೆಸರು ಅಷ್ಟರಲ್ಲಿ ಮಣ್ಣುಪಾಲು. ಹೊಸ ಪ್ಲೇಟಿನ ಪೊಟ್ಟಣವನ್ನು ತಾನೇ ಬಿಚ್ಚಿ ಕೂರಿಸಿದೆನೆಂದರು ಅಣ್ಣ. ಯಾರೂ ಅವರ ಮುಖ ನೋಡಲಿಲ್ಲ. ಪ್ಲೇಟು ಒತ್ತಿಕೊಳ್ಳುವ ಫ್ಲೈವೀಲನ್ನು ಲೇತಿನಲ್ಲಿ ಉಜ್ಜಿ ಕೊಟ್ಟವನು ನಾನೇ. ಅಣ್ಣನ ಮೇಲೆ ಅನುಮಾನ, ನನ್ನ ಕೈಯ ಮೇಲೂ ಅನುಮಾನ.

ತಂಗಮಣಿ ಅಕ್ಕನನ್ನು ಕರೆಸಿದೆ. ಅಪಘಾತದ ಗಾಡಿಗಳನ್ನು ವಿಮೆಯವರಿಗಾಗಿ ಪರೀಕ್ಷಿಸುವವರು. ಕಾರನ್ನು ಬೇರೆ ಯಾರಾದರೂ ಓಡಿಸಿದ್ದರಾ ಎಂದು ಕೇಳಿದರು. ಇಲ್ಲ. ಕೀಲಿ? ಮಲರ್ ಬಳಿಯೇ ಇತ್ತು. ಪೆಡಲಿನ ಸಡಿಲ ನೋಡಿದರು — ಸರಿಯಾಗಿತ್ತು. ಗೇರ್‌ಬಾಕ್ಸಿನ ಬಾಯೊಳಗೆ ಬೆರಳಾಡಿಸಿದರು — ಕರಿ ಪುಡಿ.

"ಪಳನಿಯಪ್ಪ, ನೀನು ಉಜ್ಜಿ ಕೊಟ್ಟಾಗ ಫ್ಲೈವೀಲ್ ಮೇಲೆ ಈ ನೀಲಿ ಕಲೆ ಇತ್ತಾ?"

"ಇಲ್ಲಕ್ಕ. ಕನ್ನಡಿ ಥರ ಇತ್ತು."

ಆಮೇಲೆ ಚಾಲಕನ ಸೀಟಿನಲ್ಲಿ ಕೂತು, ಬಗ್ಗಿ, ಬಹಳ ಹೊತ್ತು ಕೆಳಗೇ ನೋಡಿದರು.

"ಯಾರೂ ಬದಲಾಯಿಸಿಲ್ಲ," ಎಂದರು ಇಳಿದು. "ಸವೆದದ್ದನ್ನೇ ಹಾಕಿದ್ದಿದ್ರೆ ಇಷ್ಟು ಪುಡಿ ಎಲ್ಲಿಂದ ಬರ್ಬೇಕು? ಇದೇ ಆ ಹೊಸ ಪ್ಲೇಟು. ಇಲ್ಲೇ ಉಜ್ಜಿ ಉಜ್ಜಿ ಸುಟ್ಟಿದೆ; ಆ ನೀಲಿ ಕಲೆ ಬಿದ್ದದ್ದೂ ಅದರ ಬಿಸಿಗೇ."

"ಸುಟ್ಟೋರು ಯಾರು?" ಎಂದಳು ಮಲರ್.

"ಪೆಡಲ್ ಪಕ್ಕ ಎಡಗಾಲು ಇಡೋ ಪಟ್ಟಿ ಇದ್ಯಲ್ಲ, ಅದರ ಮೇಲೆ ಧೂಳು ಕೂತಿದೆ. ಮೂರು ದಿನ ಓಡ್ಸಿದ್ದೀಯ, ಅಲ್ಲಿ ಒಂದು ಹೆಜ್ಜೆ ಗುರುತಿಲ್ಲ. ಹಾಗಾದ್ರೆ ನಿನ್ನ ಕಾಲು ಎಲ್ಲಿತ್ತು, ಮಲರ್? ಕ್ಲಚ್ ಮೇಲೇ. ಪೆಡಲ್ ಅರೆ ಒತ್ತಿದ್ರೆ ಪ್ಲೇಟು ಪೂರ್ತಿ ಹಿಡಿಯದೆ ಜಾರುತ್ತೆ; ಈ ಎಂಜಿನ್ ಬಲ ತಡೆಯುತ್ತಾ?"

ಅವಳು ಕಾರಿನೊಳಗೆ ಬಗ್ಗಿ ಆ ಪಟ್ಟಿ ನೋಡಿ, ಬಾಗಿಲ ಬಳಿಯೇ ಕೂತಳು. ಸಣ್ಣ ದನಿಯಲ್ಲಿ ಹೇಳಿದಳು: "ಹೋದ ವರ್ಷ ಕಾರು ಉರುಳಿದಾಗ ಕ್ಲಚ್ ಕಾಲಿಗೆ ಸಿಗ್ಲೇ ಇಲ್ಲ ಅಕ್ಕ. ಆಮೇಲಿಂದ ಕಾಲು ಅಲ್ಲಿಂದ ಏಳಲ್ಲ. ನನಗೇ ಗೊತ್ತಾಗ್ತಿರ್ಲಿಲ್ಲ."

ಇರುದಯರಾಜಣ್ಣನ ಕಡೆ ತಿರುಗಿ ಇನ್ನೊಂದು ಪ್ಲೇಟು ಹಾಕಿಕೊಡುತ್ತೀರಾ ಎಂದು ಕೇಳಿದಳು. ಅಣ್ಣ ಕೈ ಒರೆಸಿಕೊಂಡರು.

"ಗೇರ್‌ಬಾಕ್ಸ್ ಏರಿಸೋದು ನನ್ನ ಕೆಲಸ. ಆ ಕಳ್ಳತನದ ಮಾತನ್ನ ಇಳಿಸೋದು ನಿನ್ನ ಕೆಲಸಮ್ಮ."

ಅವಳು ಎದ್ದಳು. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ರೇಸಿನವರ ನಡುವೆ ಹೋಗಿ ನಿಂತು, ಒಳಗಿದ್ದ ನಮಗೂ ಕೇಳುವಷ್ಟು ಗಟ್ಟಿಯಾಗಿ, ಪ್ಲೇಟು ಸುಟ್ಟದ್ದು ತಾನೇ ಎಂದು ಹೇಳಿದಳು.