ಒಡಲಗಿವಿ ಕಲಿತ ಮಾತು

ನೀಲಗಂಗಾಳ ಸೊಂಟದಲ್ಲಿದ್ದ ಒಡಲಗಿವಿ ಹಸಿರು ದೀಪ ತೋರಿಸಿ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ, ಗಾಬರಿ ಬೇಡ ಎಂದು ಮೆಲುದನಿಯಲ್ಲಿ ಹೇಳಿತು. ಅವಳು ಮಲಗಿದಳು. ಗಾಬರಿಯಾದವನು ಅವಳ ಗಂಡ ಮಲ್ಲೇಶಿ.

ಚಂದ್ರನ ನೆಲದಡಿಯ ಆ ವಸತಿಯಲ್ಲಿ ಅವಳದು ಕೊಳವೆಗಳ ವೆಲ್ಡಿಂಗ್ ಕೆಲಸ, ಅವನದು ಅಡುಗೆಮನೆ. ಅಲ್ಲಿ ಶಸ್ತ್ರವೈದ್ಯರಿರಲಿಲ್ಲ. ಕೊಯ್ದು ಹೊಲಿಯುವ ಯಂತ್ರವೊಂದಿತ್ತು; ಒಡಲಗಿವಿ ಕೆಂಪು ದೀಪ ತೋರಿಸದ ಹೊರತು ಅದು ಯಾರ ಮೈಗೂ ಕೈ ಹಚ್ಚುತ್ತಿರಲಿಲ್ಲ. ಒಡಲಗಿವಿ ಎಂದರೆ ಹೊಟ್ಟೆಗೆ ಕಟ್ಟಿಕೊಳ್ಳುವ ಪಟ್ಟಿ. ಅದು ಕರುಳಿನ ಸದ್ದು ಕೇಳುತ್ತದೆ, ಮೈಬಿಸಿ ಅಳೆಯುತ್ತದೆ, ಕಟ್ಟಿಕೊಂಡವರ ಮಾತನ್ನೂ ಆಲಿಸಿ, ಎಲ್ಲವನ್ನೂ ತೂಗಿ ರೋಗ ಯಾವುದೆಂದು ಹೇಳುತ್ತದೆ. ಭೂಮಿಯ ಲಕ್ಷಾಂತರ ಜನರ ಮಾತು ಕೇಳಿ ಕೇಳಿ ಅದು ಕಲಿತಿತ್ತು. ಅದನ್ನು ರೂಪಿಸಿದ ಡಾ. ವಾದಿರಾಜ ಕೊರ್ತಿ ಅದೇ ವಸತಿಯಲ್ಲಿದ್ದರು.

ಮಲ್ಲೇಶಿ ಅವರ ಬಳಿಗೆ ಓಡಿದ. ನೋವು ಮೊದಲು ಹೊಕ್ಕಳ ಸುತ್ತ ಇತ್ತು, ಈಗ ಬಲಕ್ಕೆ ಕೆಳಗಿಳಿದಿದೆ, ತುತ್ತು ಸೇರುತ್ತಿಲ್ಲ, ವಾಂತಿಯಾಯಿತು, ಬಲಗಾಲು ಚಾಚಲು ಆಗುತ್ತಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ.

"ಪಟ್ಟಿ ಹಸಿರ ತೋರಿಸೇದಲ್ಲಪಾ," ಎಂದರು ಕೊರ್ತಿ. "ಅದಕ್ಕ ನನಗಿಂತ ಚೊಲೋ ಗೊತ್ತಾಗತದ."

ಆದರೂ ಬಂದರು. ಬಲಗಡೆ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿ ಕೈ ತೆಗೆದರು. ಒತ್ತಿದಾಗ ಮುಲುಗಿದವಳು ಕೈ ತೆಗೆದಾಗ ಚೀರಿದಳು. ಅಪೆಂಡಿಕ್ಸ್ ಊದಿಕೊಂಡಿದೆ, ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ಒಡೆದರೆ ಕೀವು ಹೊಟ್ಟೆಯಲ್ಲೆಲ್ಲ ಹರಡುತ್ತದೆ. ಅಷ್ಟು ತಿಳಿಯುವಷ್ಟು ವೈದ್ಯರು ಅವರೂ ಆಗಿದ್ದರು. ದೀಪ ಮಾತ್ರ ಇನ್ನೂ ಹಸಿರಾಗಿಯೇ ಇತ್ತು. ಪಟ್ಟಿಗೆ ಏನು ಹೇಳಿದಿರಿ ಎಂದು ಅವಳನ್ನೇ ಕೇಳಿದರು.

"ಹೊಟ್ಟಿನೋವು ಅಂದ್ನಿರಿ," ಎಂದಳು ನೀಲಗಂಗಾ. "ಮೇಸ್ತ್ರಿ ಎದುರಿಗಿದ್ದರು, ಸಣ್ಣಗ ಹೇಳಿದೆ."

ಕೊರ್ತಿಯವರಿಗೆ ಅರ್ಥವಾಯಿತು. ನಮ್ಮ ಹೆಂಗಸರು ಅಪ್ಪ, ಅಣ್ಣ, ಮೇಲಧಿಕಾರಿಗಳ ಮುಂದೆ ಮುಟ್ಟು ಎನ್ನುವುದಿಲ್ಲ. ದನಿ ತಗ್ಗಿಸಿ ಹೊಟ್ಟೆನೋವು ಎನ್ನುತ್ತಾರೆ. ಕೇಳಿದವರು ಮುಂದೆ ಕೇಳುವುದಿಲ್ಲ. ಲಕ್ಷಾಂತರ ಸಲ ಕೇಳಿದ ಪಟ್ಟಿ ಆ ಮರ್ಯಾದೆಯನ್ನೂ ಕಲಿತುಬಿಟ್ಟಿತ್ತು. ತಗ್ಗಿದ ದನಿಯಲ್ಲಿ ಆ ಮಾತು ಬಂದರೆ ಸಾಕು, ಸಣ್ಣ ಜ್ವರ, ವಾಂತಿ ಎಲ್ಲವನ್ನೂ ಮುಟ್ಟಿನ ಲೆಕ್ಕಕ್ಕೇ ಸೇರಿಸಿ ಸುಮ್ಮನಾಗುತ್ತಿತ್ತು. ಎಷ್ಟು ಸೂಕ್ಷ್ಮ ನೋಡಿ ಎಂದು ಜನ ಹೊಗಳಿದ್ದರು, ಕೊರ್ತಿಯವರೂ ಹಿಗ್ಗಿದ್ದರು.

ಈಗ ಕೇಳಬೇಕಾದ್ದನ್ನು ಕೇಳಲು ಅವರಿಗೇ ನಾಲಿಗೆ ಏಳಲಿಲ್ಲ. ಅವರ ಮುಖ ನೋಡಿ ಮಲ್ಲೇಶಿಯೇ, ಅವಳ ಮುಟ್ಟು ಹೋದ ವಾರವೇ ಮುಗಿದಿದೆ ಎಂದ. ಪಟ್ಟಿ ಅಲುಗಲಿಲ್ಲ. ಕಟ್ಟಿಕೊಂಡವರ ಮಾತನ್ನಷ್ಟೇ ಅದು ನಂಬುತ್ತಿತ್ತು.

"ನೀಲಾ, ಬಾಯಿ ಬಿಟ್ಟ ಹೇಳ," ಎಂದು ಅವನು ಅವಳ ಕೈ ಹಿಡಿದುಕೊಂಡ. "ನಾಚಿಗಿ ಆಮ್ಯಾಲ ಮಾಡಾಕ ಬರ್ತೈತಿ."

ಅವಳು ಹಲ್ಲು ಕಚ್ಚಿ, ಇಬ್ಬರು ಗಂಡಸರ ಎದುರಿಗೆ ಗಟ್ಟಿಯಾಗಿ ಹೇಳಿದಳು: "ಇದು ಮುಟ್ಟಿನ ನೋವಲ್ಲ. ನಾ ಸಾಯಾಕತ್ತೀನಿ."

ದೀಪ ಕೆಂಪಾಯಿತು.

ಯಂತ್ರ ಕೆಲಸ ಮುಗಿಸುವವರೆಗೆ ಮಲ್ಲೇಶಿ ಬಾಗಿಲ ಹೊರಗೆ ನಿಂತಿದ್ದ. ಒಡೆಯುವ ಮೊದಲೇ ತೆಗೆಯಲಾಯಿತು, ಅವಳು ಬದುಕಿದಳು ಎಂದು ಕೊರ್ತಿ ಬಂದು ಹೇಳಿದಾಗ ಮಗುವಿನಂತೆ ಅತ್ತುಬಿಟ್ಟ.

ಕೊರ್ತಿಯವರ ಹೆದರಿಕೆ ಆಗಷ್ಟೇ ಶುರುವಾಗಿತ್ತು. ಭೂಮಿಯಲ್ಲಿ ಇನ್ನೆಷ್ಟು ಹೆಂಗಸರು ಹಸಿರು ದೀಪ ನಂಬಿ ಮಲಗಿದ್ದಾರೋ. ಪಟ್ಟಿಯನ್ನು ತಿದ್ದುವ ಸೂಚನೆ ಕಳಿಸಿ, ಕೂಡಲೇ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿದ್ದ ಮಗಳು ಪಾವನಿಗೆ ಕರೆ ಮಾಡಿದರು.

"ಆರಾಮ ಇದ್ದೀನಪ್ಪಾ," ಎಂದಳು ಪಾವನಿ. ಆಮೇಲೆ ದನಿ ತಗ್ಗಿಸಿ, "ನಿನ್ನೆಯಿಂದ ಸ್ವಲ್ಪ ಹೊಟ್ಟಿನೋವು, ಅಷ್ಟ. ಪಟ್ಟಿ ಹಸಿರ ಅದ," ಎಂದಳು.

ಇಂಥ ಮಾತು ಬಂದಾಗ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದುಹೋಗುವುದು ಅವರ ರೂಢಿ. ಇಲ್ಲಿ ಕೊಡಲು ಯಾರೂ ಇರಲಿಲ್ಲ.

"ಎಂಥಾ ಹೊಟ್ಟಿನೋವು, ಪಾವನಿ?" ಎಂದು ಕೇಳಿದರು.

ಚಂದ್ರನಿಂದ ಭೂಮಿಗೆ ಮಾತು ಹೋಗಿ ಬರುವಷ್ಟು ಹೊತ್ತೂ ಕಾಯದೆ, "ಮುಟ್ಟಿಂದೋ, ಬ್ಯಾರೇದೋ?" ಎಂದು ಗಟ್ಟಿಯಾಗಿಯೇ ಕೇಳಿದರು.